ಮಾವನ ಚುರುಮುರಿ ಡಬ್ಬಿಗೆ ಬಂದ ಸಂಶಯ

"ಎಲ್ಲಾರೂ ಎರಡ್ ಹೆಜ್ಜಿ ಹಿಂದ ಸರೀರಿ! ಈಗ ಕಂಪ್ಯೂಟರಿನ ಹಳೇ ಬುದ್ಧಿ ಹೊರಗ ಬೀಳ್ತೈತಿ!"

ನಮ್ಮ ಮಾವ ವಿರೂಪಾಕ್ಷಪ್ಪನವರು ಹೀಗೆ ಘೋಷಿಸಿದ ಕೂಡಲೇ ನಾನೂ ನನ್ನ ಗಂಡ ಈರಣ್ಣನೂ ಬಾಗಿಲ ತನಕ ಸರಿದು ನಿಂತೆವು. ಮಾವನ ಪ್ರಯೋಗಗಳನ್ನು ಹತ್ತಿರದಿಂದ ನೋಡಿದವರು ಯಾರೂ ಎರಡೇ ಹೆಜ್ಜೆ ಸರಿಯುವುದಿಲ್ಲ. ನೂಲಿನ ಗಿರಣಿಯೊಂದರಲ್ಲಿ ಎಲೆಕ್ಟ್ರಿಷಿಯನ್ ಆಗಿದ್ದು ನಿವೃತ್ತರಾದ ಮೇಲೆ ಅವರು ತಯಾರಿಸಿದ ರೊಟ್ಟಿ ಬಡಿಯುವ ಯಂತ್ರ, ಮೊದಲ ರೊಟ್ಟಿಯನ್ನೇ ಪಕ್ಕದ ಮನೆಯ ಡಿಶ್ ಆಂಟೆನಾಕ್ಕೆ ಎಸೆದಿತ್ತು. ಆಂಟೆನಾ ಬಾಗಿತು, ರೊಟ್ಟಿ ಬಾಗಲಿಲ್ಲ. ಅದನ್ನು ಮಾವ ಇವತ್ತಿಗೂ ಯಶಸ್ಸೆಂದೇ ಲೆಕ್ಕ ಹಿಡಿಯುತ್ತಾರೆ!

ಈ ಸಲದ ಯಂತ್ರ ಮೇಜಿನ ಮೇಲಿತ್ತು. ಸ್ಟೀಲಿನ ದೊಡ್ಡ ಡಬ್ಬಿ, ಮುಚ್ಚಳದ ಮೇಲೊಂದು ಕೆಂಪು ಬಲ್ಬು, ಹೊಟ್ಟೆಗೊಂದು ಸಣ್ಣ ಸ್ಪೀಕರು, ಬೆನ್ನಿನಿಂದ ಹೊರಟ ನಾಲ್ಕಾರು ವೈರು. ಡಬ್ಬಿಯ ಹಣೆಗೆ ವಿಭೂತಿಯನ್ನೂ ಹಚ್ಚಿದ್ದರು. ನನಗೆ ಡಬ್ಬಿಯ ಗುರುತು ಹತ್ತಿತು. ನಮ್ಮ ಅತ್ತೆ ನೀಲಗಂಗವ್ವನವರು ಚುರುಮುರಿ ತುಂಬಿಡುವ ಡಬ್ಬಿ! ಅದು ಕಾಣೆಯಾಗಿದೆಯೆಂದು ಅವರು ಓಣಿಯ ಅರ್ಧ ಮನೆಗಳ ಮೇಲೆ ಸಂಶಯಪಟ್ಟು ಮುಗಿಸಿದ್ದರು.

"ಮಾವಾರ, ಇದು ಅತ್ತಿಯಾರ ಡಬ್ಬಿ ಹೌದಲ್ರಿ?"

"ಶ್! ವಿಜ್ಞಾನದಾಗ ಯಾರ ಡಬ್ಬಿ ಅಂತ ಕೇಳಬಾರದು."

ನನ್ನ ಹೆಸರು ಕಸ್ತೂರಿ. ಬೆಟಗೇರಿಯ ನಮ್ಮ ಮನೆಯ ಮುಂದಿನ ಕೋಣೆಯಲ್ಲಿ ಕಂಪ್ಯೂಟರ್ ಕಸೂತಿಯ ಅಂಗಡಿ ಇಟ್ಟಿದ್ದೇನೆ. ಡಿಸೈನನ್ನು ನಾನು ಕಂಪ್ಯೂಟರಿನಲ್ಲಿ ಬರೆಯುತ್ತೇನೆ, ಅದು ಕಸೂತಿ ಯಂತ್ರಕ್ಕೆ ಹೇಳುತ್ತದೆ, ಯಂತ್ರ ಸೂಜಿಗಳಿಂದ ಟಕಟಕನೆ ಹೊಲಿಯುತ್ತದೆ. ಮದುವೆಯಾಗಿ ಬಂದಾಗಿನಿಂದ ನಾನು ಬರೆದ ನವಿಲು, ಗೋಪುರ, ಆನೆ, ತುಳಸಿಕಟ್ಟೆ, ಎಲ್ಲವೂ ಆ ಕಂಪ್ಯೂಟರಿನ ಹೊಟ್ಟೆಯಲ್ಲೇ ಇದ್ದವು. ಬೇರೆಲ್ಲೂ ಇರಲಿಲ್ಲ.

ಕಂಪ್ಯೂಟರಿಗೆ ಕೆಲವು ದಿನದಿಂದ ಏನೋ ಬಡಿದಿತ್ತು. ನವಿಲಿನ ಕಣ್ಣು ಬರೆಯುತ್ತಿರುವಾಗ ನಡುವೆ ಜಾಹೀರಾತೊಂದು ಹಾರಿ ಬಂದು "ನಿಮಗೆ ಕಾರು ಬಹುಮಾನ ಬಂದಿದೆ!" ಎನ್ನುತ್ತಿತ್ತು. ಒಳಗಿನ ಫ್ಯಾನು ಹಿಟ್ಟಿನ ಗಿರಣಿಯಂತೆ ಸದ್ದು ಮಾಡುತ್ತಿತ್ತು. ಕೊನೆಗೆ ಮಹಿಳಾ ಡೊಳ್ಳು ತಂಡದ ಜಾಕೆಟಿಗೆ ಸಿಂಹ ಹೊಲಿಯಲು ಕೊಟ್ಟಾಗ, ಮಧ್ಯೆ ತಡವರಿಸಿ, ಐದು ಕಾಲಿನ ಸಿಂಹವೊಂದನ್ನು ಹೊಲಿದು ಸುಮ್ಮನಾಯಿತು.

ವೈರಸ್ ತಂದವರು ಯಾರು? ನನಗೆ ಈರಣ್ಣನ ಮೇಲೆ ಸಂಶಯ. ಪುಕ್ಕಟೆ ಕ್ರಿಕೆಟ್ ತೋರಿಸುವ ಜಾಗಗಳಿಗೆಲ್ಲ ಹೋಗಿ ಬರುವವನು ಅವನೇ. ಈರಣ್ಣನಿಗೆ ಅವನ ಅಪ್ಪನ ಮೇಲೆ. ಮಾವನಿಗೆ ಅತ್ತೆಯ ಮೇಲೆ, ಏಕೆಂದರೆ ಧಾರಾವಾಹಿ ಹುಡುಕುತ್ತ ಹಸಿರಾಗಿ ಕಂಡದ್ದನ್ನೆಲ್ಲ ಒತ್ತುವುದು ಅವರ ಅಭ್ಯಾಸ. ಅತ್ತೆಗೆ ನಮ್ಮೆಲ್ಲರ ಮೇಲೂ!

ಆಗ ಮಾವ ಮದ್ದು ಕಂಡುಹಿಡಿದರು. ಕಂಪ್ಯೂಟರಿನಲ್ಲಿ ಇದ್ದದ್ದನ್ನೆಲ್ಲ ಪೂರ್ತಿ ಒರೆಸಿ, ಹೊಸ ಆಪರೇಟಿಂಗ್ ಸಿಸ್ಟಂ ಹಾಕುವುದು. ಅದೂ ಪೇಟೆಯಲ್ಲಿ ಸಿಗುವುದಲ್ಲ, ಅವರೇ ತಯಾರಿಸಿದ್ದು!

"ನನ್ನ ಡಿಸೈನು?" ನಾನು ಕೇಳಿದೆ.

"ಎಲ್ಲಾ ಡಬ್ಬ್ಯಾಗ ಅದಾವ. ಮದ್ಲ ಕಾಪಿ ಮಾಡಿಟ್ಟೀನಿ. ಒರಸೂದು ಮುಗದ ಮ್ಯಾಲ ಡಬ್ಬಿ ಒಂದೊಂದನ್ನ ಸೋಸಿ, ರೋಗ ಇಲ್ಲದ್ದನ್ನ ವಾಪಸ್ ಕೊಡ್ತೈತಿ."

"ಒಂದ್ಸಲ ತೋರಸ್ರಿ."

"ಈಗ ತೋರಸಾಕ ಬರೂದಿಲ್ಲ. ಮುಚ್ಚಳಾ ಬಿಗಿ ಹಾಕೇತಿ."

ಆಗಲೇ ನನಗೆ ಸಂಶಯ ಶುರುವಾಗಿತ್ತು. ಆದರೆ ಡೊಳ್ಳಿನವರು ಮರುದಿನ ಹಾವೇರಿಯ ಸ್ಪರ್ಧೆಗೆ ಹೊರಡುವವರಿದ್ದರು, ಸಂಜೆಯೊಳಗೆ ಜಾಕೆಟ್ ಬೇಕಿತ್ತು. ಐದು ಕಾಲಿನ ಸಿಂಹವನ್ನು ಅವರ ಮುಖಂಡೆ ಫಕೀರವ್ವನ ಮುಂದೆ ಹಿಡಿಯುವ ಧೈರ್ಯ ನನಗಿರಲಿಲ್ಲ. ಹೂಂ ಅಂದೆ.

ಮಾವ ಗುಂಡಿ ಒತ್ತಿದರು. ಕಂಪ್ಯೂಟರಿನ ಪರದೆ ಕಪ್ಪಾಯಿತು. ನನ್ನ ನವಿಲುಗಳು, ನನ್ನ ಗೋಪುರಗಳು, ಈರಣ್ಣನ ಕ್ರಿಕೆಟ್ಟು, ಬಹುಮಾನದ ಕಾರು, ಎಲ್ಲವೂ ಒರೆಸಿಹೋದವು. ಬಿಳಿ ಗೆರೆಯೊಂದು ಎಡದಿಂದ ಬಲಕ್ಕೆ ಹರಿದು, ಕೊನೆಯ ಕೂದಲೆಳೆಯಷ್ಟು ಉಳಿದಾಗ ನಿಂತಿತು. ನಾವು ಬಾಗಿಲಿನಿಂದಲೇ ಕತ್ತು ಚಾಚಿದೆವು. ಗೆರೆ ಪೂರ್ತಿಯಾಯಿತು. ಪರದೆ ತಿಳಿನೀಲಿಯಾಗಿ, ಈಗಷ್ಟೇ ಸಾರಿಸಿದ ಅಂಗಳದಂತೆ ಸ್ವಚ್ಛವಾಗಿ ತೆರೆದುಕೊಂಡಿತು. ಫ್ಯಾನಿನ ಸದ್ದೂ ಇಲ್ಲ!

"ನೋಡಿದ್ರ್ಯಾ!" ಮಾವ ಎದೆ ಉಬ್ಬಿಸಿದರು. ಈರಣ್ಣ ಚಪ್ಪಾಳೆ ಹೊಡೆದ. ಹೊಡೆದವನು ಅರ್ಧಕ್ಕೇ ಕೈ ಇಳಿಸಿದ.

ಡಬ್ಬಿಯ ಕೆಂಪು ಬಲ್ಬು ಹತ್ತಿ, ಒಳಗಿನಿಂದ ಹೆಣ್ಣು ದನಿಯೊಂದು ಕೇಳಿತು.

"ಯಾರದು?"

ಈರಣ್ಣ ಹೌಹಾರಿ ಅಡುಗೆಮನೆಯ ಕಡೆ ತಿರುಗಿದ. "ಅವ್ವಾ?"

ಅಡುಗೆಮನೆಯಲ್ಲಿ ಯಾರೂ ಇರಲಿಲ್ಲ. ಅತ್ತೆ ಹಿತ್ತಲಲ್ಲಿ ಮೆಣಸಿನಕಾಯಿ ಒಣಹಾಕುತ್ತಿದ್ದರು. ನಾವಿಬ್ಬರೂ ಮಾವನ ಮುಖ ನೋಡಿದೆವು. ಮಾವ ಕಿವಿಯವರೆಗೆ ನಕ್ಕು ಪಿಸುಗುಟ್ಟಿದರು: "ಸೆಕ್ಯೂರಿಟಿಗೆ ಹಾಕೀನಿ. ವೈರಸ್ ಯಾಕ ಬರ್ತೈತಿ? ಕಂಪ್ಯೂಟರ್ ಎಲ್ಲಾರನ್ನೂ ನಂಬತೈತಿ ಅಂತ ಬರ್ತೈತಿ. ಯಾರನ್ನೂ ನಂಬದ ಕಂಪ್ಯೂಟರ್ ಮಾಡಬೇಕಂದ್ರ ಯಾರನ್ನೂ ನಂಬದ ಬುದ್ಧಿ ಬೇಕು. ಜಗತ್ತಿನಾಗ ಅಂಥಾದ್ದು ಒಂದ ಐತಿ. ಅದು ನಮ್ಮ ಮನ್ಯಾಗ ಐತಿ!"

ಮಾವ ಅಡುಗೆಮನೆಯ ಗೋಡೆಯ ಮಾಡದಲ್ಲಿ ಹಳೆಯ ಫೋನೊಂದನ್ನು ಅಡಗಿಸಿಟ್ಟು, ಅತ್ತೆ ದಿನವೂ ಕೇಳುವ ಪ್ರಶ್ನೆಗಳನ್ನೆಲ್ಲ ಹಿಡಿದಿಟ್ಟಿದ್ದರಂತೆ. ಎಲ್ಲಿಗೆ ಹೋಗಿದ್ರಿ, ಯಾರ ಜೋಡಿ, ಹಾಲಿಗೆ ನೀರ್ ಯಾರ ಹಾಕಿದ್ರು, ಆಕಿ ಯಾಕ ನಕ್ಕಳು... ಅದನ್ನೆಲ್ಲ ಡಬ್ಬಿಗೆ ಕಲಿಸಿ, ಅತ್ತೆಯ ದನಿಯನ್ನೇ ಕೊಟ್ಟಿದ್ದರು.

"ಯಾರದು ಅಂತ ಕೇಳಿದೆ," ಡಬ್ಬಿ ಹೇಳಿತು.

"ನಾನವಾ, ವಿರೂಪಾಕ್ಷಪ್ಪ. ನಿನ್ನ ಮಾಡಿದಾಂವ."

"ಯಾವ ವಿರೂಪಾಕ್ಷಪ್ಪ?"

ಮಾವ ನಗುತ್ತ ಲೈಸೆನ್ಸಿನ ಕಾರ್ಡನ್ನು ಕಂಪ್ಯೂಟರಿನ ಕ್ಯಾಮೆರಾದ ಮುಂದೆ ಹಿಡಿದರು.

"ಈ ಫೋಟೋದಾಗಿನ ಮನಷ್ಯಾಗ ತಲಿ ತುಂಬ ಕೂದಲಾ ಅದಾವ," ಅಂದಿತು ಡಬ್ಬಿ. "ನಿಮ್ಮ ತಲಿ ಮ್ಯಾಲ ಎಲ್ಲಿ ಅದಾವು? ಯಾರಿಗೆ ಕೊಟ್ರಿ?"

ಅಷ್ಟರಲ್ಲಿ ಹಿತ್ತಲಿನ ಬಾಗಿಲು ಧಡಾರನೆ ತೆರೆಯಿತು. ಅತ್ತೆ ಮೆಣಸಿನಕಾಯಿಯ ಮೊರ ಹಿಡಿದುಕೊಂಡೇ ಬಂದು ನಿಂತರು.

"ಒಳಗ ಯಾರ ಅದಾರ?"

"ಯಾರೂ ಇಲ್ಲ!" ಮಾವ ಡಬ್ಬಿಯ ಮುಂದೆ ಅಡ್ಡ ನಿಂತರು.

"ಹೆಂಗಸಿನ ದನಿ ಕೇಳಿಸ್ತು. ಗಡಸು ದನಿ. ಕಾಗಿ ಒದರಿದಂಗ ಒದರಾಕತ್ತಿತ್ತು. ಯಾರಕಿ?"

ನಾನು ಸೆರಗು ಬಾಯಿಗೆ ಒತ್ತಿಕೊಂಡೆ. ತನ್ನ ದನಿ ಹೊರಗಿನಿಂದ ಹೇಗೆ ಕೇಳುತ್ತದೆಂದು ಯಾರಿಗೂ ಗೊತ್ತಿರುವುದಿಲ್ಲ, ಸರಿ. ಆದರೆ ಇಷ್ಟೊಂದು ಗೊತ್ತಿಲ್ಲದಿರುವುದೇ!

"ಕಂಪ್ಯೂಟರ್ ಮಾತಾಡಾಕತ್ತೇತಬೇ," ಈರಣ್ಣ ಹೇಳಿದ.

"ಕಂಪ್ಯೂಟರ್ ನಿಮ್ಮಪ್ಪನ ಕೂದಲದ ಸುದ್ದಿ ಯಾಕ ಕೇಳ್ತೈತಿ? ಆಕಿಗೇನು ಕೆಲಸ ನಿಮ್ಮಪ್ಪನ ತಲಿ ಮ್ಯಾಲ?"

"ನೀನು ಯಾರು?" ಡಬ್ಬಿ ಅತ್ತೆಯನ್ನೇ ಕೇಳಿತು. "ಮೊರದಾಗ ಏನ್ ಮುಚ್ಚಿಗೊಂಡು ಹೊಂಟಿ?"

ಅತ್ತೆ ಮೊರವನ್ನು ಕೆಳಗಿಟ್ಟರು. ಅವರ ಮೂಗುಬಟ್ಟು ನಡುಗುತ್ತಿತ್ತು. ಗಂಡನನ್ನೊಮ್ಮೆ, ಡಬ್ಬಿಯನ್ನೊಮ್ಮೆ ದಿಟ್ಟಿಸಿ, ಕೋಣೆಯ ಮೂಲೆಯ ಸ್ಟೂಲಿನ ಮೇಲೆ ಕುಳಿತರು. ಪೊಲೀಸರು ಮಫ್ತಿಯಲ್ಲಿ ಕುಳಿತಂತೆ!

ನನಗೆ ಬೇಕಾದದ್ದು ನನ್ನ ಸಿಂಹ. ಕುರ್ಚಿ ಎಳೆದು ಡಬ್ಬಿಯ ಮುಂದೆ ಕುಳಿತೆ.

"ನನ್ನ ಡಿಸೈನ್ ಕೊಡವಾ."

"ನಿಂದು ಅನ್ನಾಕ ಏನ್ ಗುರ್ತು? ಈ ನವಿಲಾ ಯಾರ ಬರದಾರ?"

"ನಾನ. ಹ್ವಾದ ಪಂಚಮ್ಯಾಗ."

"ಪಂಚಮ್ಯಾಗ ಎಲ್ಲಾರೂ ಜೋಕಾಲಿ ಆಡ್ತಾರ, ಉಂಡಿ ತಿಂತಾರ. ನೀ ಯಾಕ ಒಬ್ಬಾಕೀನ ಒಳಗ ಕುಂತು ನವಿಲಾ ಬರದಿ? ಮನ್ಯಾಗ ಜಗಳಾ ಆಗಿತ್ತೇನು?"

ಆಗಿತ್ತು. ಮೂಲೆಯಲ್ಲಿದ್ದ ಅತ್ತೆ ತಕ್ಷಣ ಕಿಟಕಿಯ ಕಡೆ ಮುಖ ತಿರುಗಿಸಿದರು.

"ಆಗಿರಲಿಲ್ಲ," ಅಂದೆ.

"ಸುಳ್ಳ ಹೇಳ್ತಿ. ದನಿ ಸಣ್ಣ ಆತು. ಸುಳ್ಳ ಹೇಳಾಕಿ ನವಿಲಾ ಹೆಂಗ ಕೊಡ್ಲಿ?"

ಒಂದು ಉತ್ತರ ಕೊಟ್ಟರೆ ಅದರ ಬಾಲ ಹಿಡಿದು ಎರಡು ಪ್ರಶ್ನೆ. ಆನೆಗೆ ದಂತ ಒಂದೇ ಯಾಕೆ? ಗೋಪುರ ಯಾವ ಗುಡಿಯದು? ಆ ಗುಡಿಗೆ ಯಾರ ಜೊತೆ ಹೋಗಿದ್ದೆ? ಅವರ ಮನೆಯವರು ಈಗ ಹೇಗಿದ್ದಾರೆ? ಹೀಗೇ ನಡೆದರೆ ನನ್ನ ಸಿಂಹ ಸಿಗುವುದು ಮುಂದಿನ ದಸರೆಗೆ!

"ವೈರ್ ಕಿತ್ತು ಒಗೀರಿ ಮಾವಾರ!"

ಮಾವ ತಲೆ ಕೆರೆದುಕೊಂಡರು. "ಕೀಳಾಕ ಬರೂದಿಲ್ಲ. ಕಳ್ಳರು ಕಿತ್ತಾರಂತ ಒಂದು ಯುಕ್ತಿ ಮಾಡೀನಿ. ವೈರ್ ಕಿತ್ರ ಡಬ್ಬಿ ತನ್ನ ಹೊಟ್ಟ್ಯಾಗಿಂದು ಎಲ್ಲಾ ಒರಸಿಬಿಡ್ತೈತಿ."

"ನನ್ನ ಡಿಸೈನೂ?"

"ಡಿಸೈನೂ."

"ಕರೆಂಟ್ ಹ್ವಾದ್ರ?"

"ಹೋಗೂದಿಲ್ಲ! ಇನ್ವರ್ಟರಿಗೂ ಜೋಡಿಸೀನಿ!" ಎಂದರು ಹೆಮ್ಮೆಯಿಂದ. ನನ್ನ ಮುಖ ನೋಡಿ ಹೆಮ್ಮೆಯನ್ನು ಒಳಗೆಳೆದುಕೊಂಡರು.

ಅಷ್ಟರಲ್ಲಿ ಈರಣ್ಣ ಕಿರುಚಿದ. ಅವನ ಮೊಬೈಲು ಕೈಯಲ್ಲೇ ಕಪ್ಪಾಗಿ, ಬಿಳಿ ಗೆರೆಯೊಂದು ಎಡದಿಂದ ಬಲಕ್ಕೆ ಹರಿಯುತ್ತಿತ್ತು!

"ಈ ಫೋನಿನ ಮ್ಯಾಲ ನಂಗ ಸಂಶಯ ಬಂತು," ಡಬ್ಬಿ ಹೇಳಿತು. "ಒರಸೀನಿ."

"ಅಪ್ಪಾ! ನಿಮ್ಮ ಡಬ್ಬಿ ನನ್ನ ಫೋನಿಗೆ ಹೆಂಗ ಬಂತು?"

"ಮನೀ ವೈಫೈ ಪಾಸ್ವರ್ಡ್ ಕೊಟ್ಟೀನಲ್ಲ. ಕರೆಂಟಿನ ವೈರಿನ ಗುಂಟಾನೂ ಹೋಗೂವಂಗ ಮಾಡೀನಿ. ಮನೀ ಮನೀನ ಶುದ್ಧ ಆಗ್ಲಿ ಅಂತ..."

ಶುದ್ಧವಾಗುತ್ತಲೇ ಹೋಯಿತು. ನನ್ನ ಮೊಬೈಲು ಹೋಯಿತು, ಮಾವನದೂ ಹೋಯಿತು. ಮೂರೂ ಸಾಲಾಗಿ ಕುಳಿತು "ಭಾಷೆ ಆರಿಸಿ" ಎನ್ನತೊಡಗಿದವು. ಆರಿಸಿದರೆ ಡಬ್ಬಿಗೆ ಮತ್ತೆ ಸಂಶಯ ಬಂದು ಮತ್ತೆ ಒರೆಸುತ್ತಿತ್ತು. ಟೀವಿ ಇವತ್ತೇ ಹುಟ್ಟಿದಂತೆ ಕಣ್ಣುಬಿಟ್ಟು, ತನ್ನನ್ನು ಕೊಂಡದ್ದಕ್ಕೆ ನಮಗೆ ಅಭಿನಂದನೆ ಹೇಳಿತು. ಬಟ್ಟೆ ಒಗೆಯುವ ಯಂತ್ರ ನಡುನೀರಿನಲ್ಲಿ ನಿಂತು, ತಾನಿನ್ನೂ ಅಂಗಡಿಯಲ್ಲೇ ಇದ್ದೇನೆಂದು ತಿಳಿದು, ಬಾಗಿಲಿಗೆ ಬೀಗ ಹಾಕಿಕೊಂಡಿತು. ಒಳಗೆ ಈರಣ್ಣನ ಪ್ಯಾಂಟುಗಳಿದ್ದವು, ಎಲ್ಲವೂ! ಅವನು ಡ್ರಾಯಿಂಗ್ ಮಾಸ್ತರ. ಮರುದಿನ ಶಾಲೆಯ ತಪಾಸಣೆಗೆ ಸಾಹೇಬರು ಬರುವವರಿದ್ದರು.

"ನನ್ನ ಪ್ಯಾಂಟ್ ಕೊಡು!" ಅವನು ಡಬ್ಬಿಯ ಮುಂದೆ ಕೈಮುಗಿದ.

"ಎಲ್ಲಿಗೆ ಹೊಂಟಿ?"

"ಸಾಲಿಗೆ!"

"ಸಾಲಿಗೆ ಹೋಗಾಕ ಇಷ್ಟು ಪ್ಯಾಂಟ್ ಯಾಕ ಬೇಕು?"

ಮೂಲೆಯಿಂದ ಅತ್ತೆ ಮೊದಲ ಸಲ ತಲೆಯಾಡಿಸಿದರು. "ಅದನ್ನ ಮಾತ್ರ ಖರೇ ಕೇಳ್ತಾಳ."

ಹೊರಗೆ ಗೇಟಿನ ಗಂಟೆ ಬಾರಿಸಿತು. ಬಂದವಳು ಫಕೀರವ್ವ. ಮುಳಗುಂದ ನಾಕಾದವಳು, ಡೊಳ್ಳು ತಂಡದ ಮುಖಂಡೆ, ಅತ್ತೆಯ ಬಾಲ್ಯದ ಗೆಳತಿ. ಗೇಟಿನ ಬೀಗವನ್ನೂ ಗಂಟೆಯ ಸ್ಪೀಕರನ್ನೂ ಮಾವ ಡಬ್ಬಿಗೇ ಜೋಡಿಸಿದ್ದರೆಂದು ಆಗ ತಿಳಿಯಿತು.

"ಯಾರದು?" ಎಂದಿತು ಗೇಟು.

"ನಾನವಾ, ಫಕೀರವ್ವ. ಜಾಕೆಟ್ ಆದುವೇನು?"

"ಯಾವ ಫಕೀರವ್ವ?"

"ಮುಳಗುಂದ ನಾಕಾದಾಕಿ!"

"ನಾಕಾದಾಗ ಎಷ್ಟು ಮಂದಿ ಫಕೀರವ್ವ ಅದಾರ?"

ಫಕೀರವ್ವ ಪ್ರಾಮಾಣಿಕಳು. ಯೋಚಿಸಿದಳು. "ನಾಕೈದು ಮಂದಿ ಇರಬಹುದು."

"ಅದರಾಗ ನೀನ ಅಂತ ನಾ ಹೆಂಗ ನಂಬಲಿ?"

ಫಕೀರವ್ವನ ದನಿ ಏರಿತು. "ನೀಲಗಂಗಾ! ನಿನ್ನಿ ನನ್ನ ಜೋಡಿ ಕುಂತು ಮಿರ್ಚಿ ತಿಂದಾಕಿ, ಇವತ್ತ ನನ್ನ ಗುರ್ತ ಕೇಳ್ತಿಯೇನ? ಗೇಟ್ ಹಾಕ್ಕೊಂಡು ಮಾತಾಡುವಷ್ಟು ದೊಡ್ಡಾಕಿ ಆದಿಯೇನ?"

"ಅಯ್ಯ, ನಾ ಎಲ್ಲಿ ಕೇಳೀನಿ!" ಅತ್ತೆ ಒಳಗಿನಿಂದ ಕೂಗಿದರು.

"ಮತ್ತ ಈ ದನಿ ಯಾರದು?"

"ಅದ ನಂಗೂ ತಿಳಿವಲ್ತು! ಒಳಗ ಯಾರೋ ಬಂದು ಕುಂತಾಳ!"

"ಸುಳ್ಳ! ನಿನ್ನ ದನಿ ನಂಗ ಗೊತ್ತಿಲ್ಲೇನು? ಸಾಲ್ಯಾಗಿಂದ ಕೇಳೀನಿ!"

ಸಿಟ್ಟಿನಲ್ಲಿ ಅವಳು ಕೊರಳಲ್ಲಿದ್ದ ಡೊಳ್ಳನ್ನು ಬಾರಿಸತೊಡಗಿದಳು. ಕಿಟಕಿಯ ಗಾಜುಗಳು ಝಣಝಣಿಸಿದವು. ಓಣಿಯ ನಾಯಿಗಳು ಬಂದು ಸಾಲುಗಟ್ಟಿದವು.

"ಹೊರಗ ಇಷ್ಟು ಸಪ್ಪಳಾ ಮಾಡ್ತಾರಂದ್ರ," ಡಬ್ಬಿ ಹೇಳಿತು, "ಒಳಗಿಂದ ಯಾರೋ ಏನೋ ಸಾಗಸಾಕತ್ತಾರ." ಕೂಡಲೇ ಮುಂಬಾಗಿಲಿಗೂ ಹಿತ್ತಲ ಬಾಗಿಲಿಗೂ ಬೀಗ ಬಿತ್ತು. ಅವೂ ಮಾವನ ಕೈಚಳಕವೇ! ಈಗ ಒಳಗಿದ್ದವರು ಒಳಗೆ, ಹೊರಗಿದ್ದವಳು ಹೊರಗೆ. ಸಿಂಹ ಡಬ್ಬಿಯೊಳಗೆ.

ಹೇಳಲು ನಾಚಿಕೆ, ನಾನು ಅತ್ತುಬಿಟ್ಟೆ. ಕಸೂತಿ ಯಂತ್ರದ ಚೌಕಟ್ಟಿಗೆ ಜಾಕೆಟಿನ ಕೆಂಪು ಬಟ್ಟೆಯ ಇಡೀ ಥಾನು ಸುತ್ತಿ ಸಿದ್ಧವಾಗಿತ್ತು. ದಾರಗಳೂ ಸಿದ್ಧ. ಹೊಲಿಯಲು ಒಂದು ಹೂವೂ ನನ್ನ ಬಳಿ ಇರಲಿಲ್ಲ. ಇಷ್ಟು ವರ್ಷ ನಾನು ಬರೆದದ್ದೆಲ್ಲ ಒಂದು ಚುರುಮುರಿ ಡಬ್ಬಿಯೊಳಗೆ ಕುಳಿತು, ನಾನು ಯಾರೆಂದು ನನ್ನನ್ನೇ ಕೇಳುತ್ತಿತ್ತು!

"ಈಗ ಯಾಕ ಅಳಾಕತ್ತಿ?" ಡಬ್ಬಿ ಕೇಳಿತು. "ತಪ್ಪ ಮಾಡದಾಕಿ ಯಾಕ ಅಳ್ತಾಳ? ಏನೋ ಐತಿ. ಹೇಳು, ಏನ್ ಕದ್ದಿ?"

ಸ್ಟೂಲು ಹಿಂದಕ್ಕೆ ಉರುಳಿದ ಸದ್ದು ಕೇಳಿತು.

ಅತ್ತೆ ಎದ್ದಿದ್ದರು. ಸೆರಗನ್ನು ಸೊಂಟಕ್ಕೆ ಸಿಕ್ಕಿಸಿದರು. ನನ್ನನ್ನು ಕುರ್ಚಿಯಿಂದ ಎಬ್ಬಿಸಿ ತಾವು ಕುಳಿತರು. ಕುರ್ಚಿಯನ್ನು ಡಬ್ಬಿಯ ಮೂಗಿನ ತನಕ ಎಳೆದರು.

"ಏ, ಇಲ್ಲಿ ಕೇಳು. ನನ್ನ ಸೊಸಿ ಮ್ಯಾಲ ಸಂಶಯ ಪಡಾಕಿ ನಾನು! ಆ ಹಕ್ಕ ನಂದು! ನಡುವ ನೀ ಯಾರ?"

"ನಾ ಸೆಕ್ಯೂರಿಟಿ."

"ಯಾವ ಸೆಕ್ಯೂರಿಟಿ?"

"ಮನೀ ಸೆಕ್ಯೂರಿಟಿ."

"ನಿನ್ನ ಯಾರ ಕರದ್ರು?"

"ವಿರೂಪಾಕ್ಷಪ್ಪ."

"ಅವರ ವಿರೂಪಾಕ್ಷಪ್ಪ ಅನ್ನಾಕ ಏನ್ ಗುರ್ತ ನೋಡಿದಿ?"

"...ಗುರ್ತ ಹೊಂದಲಿಲ್ಲ."

"ಗುರ್ತ ತಿಳೀದವರು ಕರದ್ರಂತ ಮಂದಿ ಮನ್ಯಾಗ ಬಂದು ಕುಂತಿ! ಇರ್ಲಿ. ನಿನ್ನಿ ಎಲ್ಲಿದ್ದಿ?"

ಬಲ್ಬು ಮಿಣಕ್ ಮಿಣಕ್ ಎಂದಿತು.

"ನಿನ್ನಿ... ನಿನ್ನಿ ನಾ ಇರಲಿಲ್ಲ. ಇವತ್ತ ಹೊಸದಾಗಿ ಹಾಕ್ಯಾರ."

"ನಿನ್ನಿ ಇಲ್ಲದಾಕಿ ಇವತ್ತ ಹೆಂಗ ಬಂದಿ? ಮದ್ಲ ಯಾರಿದ್ರು ಇಲ್ಲಿ?"

"ಹಳೇ ಸಿಸ್ಟಂ ಇತ್ತು. ಅದನ್ನ ಒರಸೀನಿ."

"ಹಾಂ! ಇದ್ದಾಕೀನ ಒರಸಿ ಬಂದು ಕುಂತಿ! ಮ್ಯಾಲ ನನ್ನ ಸೊಸಿಗೆ ಕಳ್ಳಿ ಅಂತಿ! ಈ ಮೈ ಯಾರದು? ತಿರುಗು ನೋಡೂಣು." ಅತ್ತೆ ಡಬ್ಬಿಯನ್ನು ಎರಡೂ ಕೈಯಿಂದ ಹಿಡಿದು ವೈರು ಕೀಳದಂತೆ ಓರೆ ಮಾಡಿದರು. ತಳದಲ್ಲಿ ಅವರ ತವರಿನವರು ಕೆತ್ತಿಸಿಕೊಟ್ಟ ಹೆಸರಿತ್ತು. "ಓದು! ನೀಲಗಂಗಾ ಅಂತ ಐತಿಲ್ಲೋ? ನನ್ನ ಚುರುಮುರಿ ಡಬ್ಬಿ! ಕದ್ದಾಕಿ ಯಾರೀಗ?"

ಮಾವ ಮೆಲ್ಲನೆ ಕಪಾಟಿನ ಹಿಂದೆ ಸರಿದರು.

ಬಲ್ಬಿನ ಮಿಣುಕು ನಿಂತಿತು. ಹೊರಗೆ ಫಕೀರವ್ವನ ಡೊಳ್ಳೂ ನಿಂತಿತ್ತು. ಗೇಟಿನ ಸ್ಪೀಕರಿನಲ್ಲಿ ಒಂದೇ ದನಿಯ ಇಬ್ಬರು ಜಗಳಾಡುವುದನ್ನು ಅವಳು ಕಿವಿಗೊಟ್ಟು ಕೇಳುತ್ತಿದ್ದಳು. ಕೊನೆಗೆ ಡಬ್ಬಿ ಸಣ್ಣಗೆ ಹೇಳಿತು:

"ನಂಗ ನನ್ನ ಮ್ಯಾಲ ಸಂಶಯ ಬಂತು."

"ಬರಬೇಕಾದ್ದ!" ಅಂದರು ಅತ್ತೆ.

"ಸಂಶಯ ಬಂದದ್ದನ್ನ ಒರಸಬೇಕು. ಆದ್ರ ಒರಸೂಕಿಂತ ಮದ್ಲ ಮಂದಿ ಸಾಮಾನು ವಾಪಸ್ ಕೊಡಬೇಕು. ತಗೋರಿ!"

"ತಡಿ, ಕಂಪ್ಯೂಟರಿಗೆ ಕೊಡು!" ನಾನು ಕೂಗಿದೆ.

"ಕಂಪ್ಯೂಟರ್ ಮ್ಯಾಲೂ ನಂಗ ನಂಬಿಕಿ ಇಲ್ಲ!"

ಎಲ್ಲ ಬೀಗಗಳೂ ಒಮ್ಮೆಲೇ ತೆರೆದವು. ಅದೇ ಗಳಿಗೆಗೆ ಕಸೂತಿ ಯಂತ್ರ ಹೂಂಕರಿಸಿ ಎದ್ದಿತು! ಡಬ್ಬಿ ನನ್ನ ಡಿಸೈನುಗಳನ್ನೆಲ್ಲ ಸೀದಾ ಸೂಜಿಗೆ ಸುರಿಯತೊಡಗಿತ್ತು. ಮೊದಲ ನವಿಲು ಕಣ್ಣೆದುರೇ ಬಿಚ್ಚಿಕೊಂಡಿತು, ಹಿಂದೆಯೇ ಆನೆ, ಅದರ ಹಿಂದೆ ಗೋಪುರ. ಇಷ್ಟು ವೇಗದಲ್ಲಿ ಆ ಯಂತ್ರ ಹೊಲಿದದ್ದನ್ನು ನಾನು ಎಂದೂ ನೋಡಿರಲಿಲ್ಲ.

"ಬಟ್ಟಿ ಜಗ್ಗ್ರಿ! ಮುದುಡಾಕತ್ತೇತಿ!"

ಈರಣ್ಣ ಲುಂಗಿ ಎತ್ತಿ ಕಟ್ಟಿಕೊಂಡು ಒಂದು ತುದಿ ಹಿಡಿದ. ಗೇಟು ತೆರೆದು ಓಡಿಬಂದ ಫಕೀರವ್ವ, ಏನಾಗುತ್ತಿದೆಯೆಂದು ಕೇಳದೆ, ಡೊಳ್ಳನ್ನು ಕೆಳಗಿಟ್ಟು ಇನ್ನೊಂದು ತುದಿ ಹಿಡಿದಳು. ಅತ್ತೆ ಹಿಂದಿನಿಂದ ಥಾನು ಬಿಚ್ಚಿಬಿಚ್ಚಿ ಕೊಟ್ಟರು. ಮಾವ ಕಪಾಟಿನ ಹಿಂದಿನಿಂದ ಬಂದು, ಸೂಜಿ ಕಾದರೆ ಎಣ್ಣೆ, ದಾರ ತೀರಿದರೆ ದಾರ, ಯಾರೂ ಹೇಳದೆಯೇ ಮಾಡಿದರು. ಕೆಂಪು ದಾರ ಮುಗಿದಲ್ಲಿ ಹಸಿರು ಹಾಕಿದರು. ಹಾಗಾಗಿ ನನ್ನ ದಾಸವಾಳಗಳು ಹಸಿರಾದವು, ಗಿಳಿಗಳು ನೇರಳೆಯಾದವು. ಕೇಳುವವರು ಯಾರು!

ಯಂತ್ರ ನಿಂತಾಗ ಕೆಂಪು ಬಟ್ಟೆ ಕೋಣೆ ತುಂಬಿ ಪಡಸಾಲೆಗೆ ಹರಿದು ತುಳಸಿಕಟ್ಟೆಯ ತನಕ ಹೋಗಿತ್ತು. ನನ್ನ ಒಂದೊಂದು ಡಿಸೈನೂ ಅದರ ಮೇಲಿತ್ತು. ಮೊಟ್ಟಮೊದಲು ಬರೆದ ಸೊಟ್ಟ ಮಲ್ಲಿಗೆ ಕೂಡ. ಆದರೆ ಸಂಶಯದ ಡಬ್ಬಿ ಸುಮ್ಮನೆ ಕೊಡುತ್ತದೆಯೇ? ಪ್ರತಿಯೊಂದರ ಕೆಳಗೂ ದಪ್ಪಕ್ಷರದಲ್ಲಿ ಒಂದು ಪ್ರಶ್ನೆ ಹೊಲಿದಿತ್ತು. ನವಿಲಿನ ಕೆಳಗೆ "ಯಾರ ಕೊಟ್ರು?" ಆನೆಯ ಕೆಳಗೆ "ಎಲ್ಲಿಗೆ ಹೊಂಟಿ?" ಗೋಪುರದ ಕೆಳಗೆ "ಖರೇ ಹೇಳು!" ಸಿಂಹ ನಾಲ್ಕೇ ಕಾಲಿನ ಮೇಲೆ ನಿಂತಿತ್ತು, ಕೆಳಗೆ "ಮತ್ತ ಯಾಕ ನಕ್ಕಿ?"

ಅತ್ತ ಮೇಜಿನ ಮೇಲೆ ಡಬ್ಬಿ ತನ್ನನ್ನು ತಾನೇ ಒರೆಸಿಕೊಳ್ಳುತ್ತಿತ್ತು. ಬಲ್ಬು ಆರಿತು. ಮತ್ತೆ ಹತ್ತಿತು. "ಯಾರದು?" ಎಂದಿತು. "ನಾ ಯಾರು?" ಎಂದಿತು. ಸಂಶಯ ಬಂತು. ಒರೆಸಿಕೊಂಡಿತು. ಹೊಸದಾಗಿ ಹುಟ್ಟಿತು. "ಯಾರದು?" ಹೀಗೇ ನಡೆದಿತ್ತು. ಮಾವನೇ ಕನಿಕರಪಟ್ಟು ವೈರು ಕಿತ್ತರು. ಅತ್ತೆ ಒಳಗಿದ್ದದ್ದನ್ನೆಲ್ಲ ಗಂಡನ ಕೈಗೆ ಸುರಿದು, ಡಬ್ಬಿಯನ್ನು ಬೂದಿ ಹಚ್ಚಿ ತಿಕ್ಕತೊಡಗಿದರು. ತಿಕ್ಕುತ್ತ ಒಮ್ಮೆ ನನ್ನ ಕಡೆ ನೋಡಿ, "ಪಂಚಮ್ಯಾಗ ಬರದ ನವಿಲಾ ಚಂದ ಐತಿ," ಅಂದರು. ಅಷ್ಟೇ. ಮುಂದೆ ಪ್ರಶ್ನೆ ಬರಬಹುದೆಂದು ನಾನು ಕಾದೆ. ಬರಲಿಲ್ಲ.

ಫಕೀರವ್ವ ಬಟ್ಟೆಯ ಉದ್ದಕ್ಕೂ ಓದುತ್ತ ನಡೆದು ಬಂದಳು. ಅವಳ ತುಟಿ ಬಿಗಿದಿತ್ತು. ನಾನು ಬೈಗುಳಕ್ಕೆ ಸಿದ್ಧಳಾದೆ.

"ಇದನ್ನ ಕತ್ತರಿಸಿ ಹೊಲಿ," ಅಂದಳು. "ಒಬ್ಬೊಬ್ಬಾಕಿಗೆ ಒಂದೊಂದು. 'ಯಾಕ ನಕ್ಕಿ' ನಂಗಿರ್ಲಿ. ನಾವು ಬಾರಸೂ ಮುಂದ ಹಾವೇರಿ ಗಂಡಸರು ಮೂಲ್ಯಾಗ ನಿಂತು ನಗ್ತಾರ."

"ಫಕೀರವ್ವ, ನನ್ನ ಹತ್ರ ಉಳದದ್ದು ಇದೊಂದ! ಕತ್ತರಿಸಿದ್ರ ನಾಳೆ ಏನ್ ನೋಡಿ ಬರೀಲಿ?"

ಫೋಟೋ ತೆಗೆಯೋಣವೆಂದರೆ ಮನೆಯ ಮೊಬೈಲುಗಳೆಲ್ಲ ಇನ್ನೂ ಭಾಷೆ ಆರಿಸಿಕೊಳ್ಳುತ್ತಿದ್ದವು. ಫಕೀರವ್ವನದೂ ಅವಳ ತಂಡದವರದೂ ಗುಂಡಿ ಒತ್ತುವ, ಕ್ಯಾಮೆರಾ ಇಲ್ಲದ ಫೋನು. ನಾನು ಕತ್ತರಿ ಹಿಡಿದು ಬಹಳ ಹೊತ್ತು ನಿಂತೆ. ಹೊರಗೆ ಅವಳ ತಂಡದ ಹೆಂಗಸರು ಒಬ್ಬೊಬ್ಬರಾಗಿ ಬಂದು ಸೇರಿದ್ದರು. ಒಬ್ಬಳು ಬಟ್ಟೆಯ ಅಂಚು ಎತ್ತಿ ಎದೆಗೆ ಹಿಡಿದು "ನಂಗ ಆನಿ!" ಎಂದು ಕುಣಿದಳು. ಕತ್ತರಿಸಿದೆ.

ಅವರು ಮರುದಿನ ಬೆಳಗಿನ ಬಸ್ಸಿಗೆ ಹೋದರು. ಈರಣ್ಣ, ತನ್ನವು ಇನ್ನೂ ಒಣಗದ್ದರಿಂದ, ಪಕ್ಕದ ಮನೆಯವರ ಪ್ಯಾಂಟು ಹಾಕಿಕೊಂಡು ಸಾಹೇಬರೆದುರು ನಿಂತು ಬಂದ. ಮಾವ ಯಾರ ಕಣ್ಣಿಗೂ ಬೀಳದೆ ಮಾಳಿಗೆಯಲ್ಲಿದ್ದರು.

ನಾನು ಕಂಪ್ಯೂಟರನ್ನು ಆಟೋದಲ್ಲಿ ಹಾಕಿಕೊಂಡು ಪೇಟೆಯ ರಿಪೇರಿ ಅಂಗಡಿಗೆ ಹೋದೆ. ಎಲ್ಲರೂ ಹಾಕಿಸುವಂಥ, ಮಾತಾಡದ, ಪ್ರಶ್ನೆ ಕೇಳದ ಸಾದಾ ಸಿಸ್ಟಂ ಹಾಕಿ ಎಂದೆ. ಅಂಗಡಿಯ ಪ್ರಭಯ್ಯನವರು ಕನ್ನಡಕ ಏರಿಸಿದರು.

"ಪೂರಾ ಒರಸಬೇಕಾಗ್ತೈತ್ರಿ. ಮತ್ತ ಆಮ್ಯಾಲ ನನ್ನ ಅನ್ನಬ್ಯಾಡ್ರಿ. ಬ್ಯಾಕಪ್ ಐತೇನ್ರಿ?"

"ಐತ್ರಿ," ಅಂದೆ. "ಡೊಳ್ಳು ಬಾರಸಾಕ ಹಾವೇರಿಗೆ ಹೋಗೇತಿ. ಸೋಮವಾರ ಬರ್ತೈತಿ."